ಹೆಬ್ಬೆರಳಷ್ಟು ಕುದುರೆ, ಊರಗಲ ನಾಚಿಕೆ

ಮಾನ ಹೋಗುವ ಪ್ರಸಂಗಗಳಿಗೆ ನನ್ನ ಮನೆಯ ದಾರಿ ಚೆನ್ನಾಗಿ ಗೊತ್ತು. ಒಂದನ್ನು ಕಳಿಸಿ ಬಾಗಿಲು ಹಾಕುವಷ್ಟರಲ್ಲಿ ಇನ್ನೊಂದು ಅಂಗಳದಲ್ಲಿ ಚಪ್ಪಲಿ ಬಿಡುತ್ತಿರುತ್ತದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವನು. ಮೊದಲು ಕುಂದಾಪುರದ ಹತ್ತಿರ, ಆಮೇಲೆ ಬ್ರಹ್ಮಾವರದ ಕಡೆ. ಹೊಡೆಯುವ ಅಭ್ಯಾಸ ಇರಲಿಲ್ಲ, ಸುಮ್ಮನೆ ಒಮ್ಮೆ ನೋಡಿದರೆ ತರಗತಿ ತಣ್ಣಗಾಗುತ್ತಿತ್ತು. ಗೋಲಿ, ಬುಗುರಿ, ಪ್ಲಾಸ್ಟಿಕ್ ಕಾರು, ಮಕ್ಕಳ ಕೈಯಲ್ಲಿ ಏನು ಕಂಡರೂ ಕಸಿದುಕೊಳ್ಳುತ್ತಿದ್ದೆ. 'ಆಟ ಆಡಿ ಯಾರೂ ಉದ್ಧಾರ ಆಗಲಿಲ್ಲ' ಎನ್ನುವುದು ನನ್ನ ಖಾಯಂ ಮಾತು. ಮಕ್ಕಳ ಹೆದರಿಕೆ, ಅವರ ತಂದೆತಾಯಿಯರು ಕೊಡುವ ಮರ್ಯಾದೆ, ಇಷ್ಟೇ ನಾನು ಸಂಪಾದಿಸಿದ ಆಸ್ತಿ. ಅದು ಹೋದರೆ ನನ್ನ ಹತ್ತಿರ ಬೇರೇನೂ ಇರಲಿಲ್ಲ.

ಇಂಥವನ ಮನೆಗೆ 1997ರಲ್ಲಿ ಹೆಂಡತಿಯ ಅಣ್ಣ ಒಂದು ಡಬ್ಬಿ ತಂದ. ಅವನು ಹಡಗಿನ ಕೆಲಸದವನು, ರಜೆಗೆ ಬರುವಾಗ ಏನಾದರೊಂದು ತರುತ್ತಾನೆ. ಡಬ್ಬಿಯೊಳಗೆ ಹೆಬ್ಬೆರಳಷ್ಟು ಎತ್ತರದ ತವರದ ಕುದುರೆ ಸವಾರರು. ಹಳೇ ಕಾಲದ ಯುರೋಪಿನವರು, ಮೈತುಂಬ ಕಬ್ಬಿಣದ ಅಂಗಿ, ಕೈಯಲ್ಲಿ ಭರ್ಜಿ, ಗುರಾಣಿ. ಮೇಜಿನ ಮೇಲೆ ಎರಡು ಸೈನ್ಯ ನಿಲ್ಲಿಸಿ, ಟೇಪಿನಲ್ಲಿ ಅಳೆದು ಕುದುರೆ ನಡೆಸಿ, ದಾಳ ಹಾಕಿ ಯುದ್ಧ ಮಾಡುವ ಆಟವಂತೆ. ಅದಕ್ಕೆ ಮೊದಲು ಒಂದೊಂದಕ್ಕೂ ನಾವೇ ಬಣ್ಣ ಬಳಿಯಬೇಕು, ಕಾಲಡಿಗೆ ರಟ್ಟಿನ ಚೌಕ ಅಂಟಿಸಿ, ಅದರ ಮೇಲೆ ಮರಳು ಮೆತ್ತಿ ನೆಲ ಮಾಡಬೇಕು. ಡಬ್ಬಿ ಬಂದದ್ದು ಮಗಳಿಗೆಂದು. ಅವಳು ಒಮ್ಮೆ ನೋಡಿ, ಬಣ್ಣವೇ ಇಲ್ಲ ಎಂದು ಎದ್ದು ಹೋದಳು. ನಾನು ಎದ್ದು ಹೋಗಲಿಲ್ಲ.

ಉಗುರು ಬಣ್ಣ

ಕುಂದಾಪುರದಲ್ಲಿ ಆಗ ಇಂಥ ಕೆಲಸಕ್ಕೆ ಬಣ್ಣ ಎಲ್ಲಿ ಸಿಗಬೇಕು? ಗೋಡೆ ಬಣ್ಣ ಹಚ್ಚಿದರೆ ಸವಾರನ ಮುಖವೇ ಮುಚ್ಚಿಹೋಗುತ್ತಿತ್ತು. ಕೊನೆಗೆ ಹೊಳೆದದ್ದು ಉಗುರಿಗೆ ಹಚ್ಚುವ ಬಣ್ಣ. ಕುಪ್ಪಿಯೂ ಸಣ್ಣದು, ಬ್ರಷ್ಷೂ ಜೊತೆಗೇ ಬರುತ್ತದೆ.

ಪೇಟೆಯ ಫ್ಯಾನ್ಸಿ ಅಂಗಡಿಗೆ ಹೋಗಿ, ಕಳ್ಳನಂತೆ ಆಚೀಚೆ ನೋಡಿ, ಕೆಂಪು ಮತ್ತು ಬೆಳ್ಳಿ ಬಣ್ಣ ಕೇಳಿದೆ. ಅಂಗಡಿಯ ಹೆಂಗಸು ನನ್ನ ಹಳೇ ವಿದ್ಯಾರ್ಥಿಯ ತಾಯಿ. 'ಮನಿಯವ್ರಿಗಾ ಮಾಷ್ಟ್ರೇ?' ಎಂದಳು. ಹೌದೆಂದೆ. ಮುಂದಿನ ವಾರ ನೀಲಿ, ಕಂದು. ಅದರ ಮುಂದಿನ ವಾರ ಹಸಿರು, ಕಪ್ಪು. ಕಪ್ಪು ಕೊಡುವಾಗ ಅವಳ ಮುಖದಲ್ಲಿ ಮರ್ಯಾದೆಗಿಂತ ಕುತೂಹಲ ಜಾಸ್ತಿ ಇತ್ತು.

ನನ್ನ ಹೆಂಡತಿ ಜನ್ಮದಲ್ಲಿ ಉಗುರಿಗೆ ಬಣ್ಣ ಹಚ್ಚಿದವಳಲ್ಲ. ಒಂದು ದಿನ ಪಿನ್ನು ತರಲೆಂದು ಅದೇ ಅಂಗಡಿಗೆ ಹೋದಳು. ಅಂಗಡಿಯವಳು, 'ಕೈ ತೋರ್ಸಿ ಕಾಂಬ, ಕಪ್ಪ್ ಹ್ಯಾಂಗ್ ಕಾಂತ್?' ಎಂದು ಕೇಳಿದಳಂತೆ.

ಮನೆಗೆ ಬಂದವಳು ಚೀಲ ಕೂಡ ಕೆಳಗಿಡದೆ ಕೇಳಿದಳು: 'ಆ ಬಣ್ಣ ಎಲ್ಲ ಯಾರಿಗ್ ಕೊಟ್ರಿ? ಹೆಸ್ರ್ ಹೇಳಿ ಸಾಕ್.'

ಬಾಯಲ್ಲಿ ಹೇಳಿದರೆ ನಂಬುವ ಸಂಗತಿಯಲ್ಲ. ಕೋಣೆಗೆ ಕರೆದುಕೊಂಡು ಹೋಗಿ, ಕಪಾಟು ತೆಗೆದು, ಸಾಲಾಗಿ ನಿಂತ ಕುದುರೆಗಳನ್ನು ತೋರಿಸಿದೆ. ಅವಳು ಒಂದನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅಲ್ಲೇ ಮಂಚದ ಮೇಲೆ ಕುಳಿತು ನಿಟ್ಟುಸಿರು ಬಿಟ್ಟಳು.

'ಯಾವ್ದಾರೂ ಹೆಂಗ್ಸಾಗಿದ್ರೆ ಅಮ್ಮನ ಹತ್ರ ಹೇಳ್ಕಂಡ್ ಅಳ್ಲಕ್ಕಿತ್ತ್. ಇದನ್ನ ಯಾರ್ ಹತ್ರ ಹೇಳೂದ್?'

ಮರಳು

ಅಂದಿನಿಂದ ಅವಳೂ ನನ್ನ ಸುಳ್ಳಿನ ಪಾಲುದಾರಳಾದಳು. ಭಾನುವಾರ ನಾನು ಕೋಣೆ ಸೇರಿ ಬಾಗಿಲು ಹಾಕಿಕೊಂಡರೆ, ಬಂದವರಿಗೆಲ್ಲ 'ಪ್ರಶ್ನೆಪತ್ರಿಕೆ ಮಾಡ್ತಿದ್ರ್, ಕರೂಕಾತಿಲ್ಲೆ' ಎನ್ನುತ್ತಿದ್ದಳು. ಊರಲ್ಲಿ ನನ್ನ ಹೆಸರು ಇನ್ನಷ್ಟು ಮೇಲೇರಿತು. ಅದನ್ನು ಕೇಳುವಾಗೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ. ಜನ ಅದನ್ನು ವಿನಯ ಎಂದುಕೊಂಡರು.

ಕುದುರೆಯ ಕಾಲಡಿಗೆ ಹಾಕಲು ಮರಳು ನುಣ್ಣಗಿರಬೇಕು. ಚಾ ಸೋಸುವ ಜರಡಿ ಹಿಡಿದು ಬೆಳಗ್ಗೆ ಬೇಗ ಬೀಜಾಡಿ ಕಡಲ ಬದಿಗೆ ಹೋಗಿ, ದಿಣ್ಣೆಯ ಮರೆಯಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಮರಳು ಸೋಸುತ್ತಿದ್ದೆ. ಒಂದು ದಿನ ನಮ್ಮ ಮನೆಗೆ ಮೀನು ತರುವ ಅಜ್ಜಿ ಅದೆಲ್ಲಿಂದಲೋ ಎದುರು ಬಂದು ನಿಂತಳು.

'ಮಾಷ್ಟ್ರೇ, ಎಂತ ಹುಡ್ಕ್ತ್ರಿ? ಉಂಗ್ರ ಬಿತ್ತಾ?'

ಉತ್ತರ ಅವಳೇ ಕೊಟ್ಟ ಮೇಲೆ ನನಗೆ ಕಷ್ಟವೇನು? ಹೌದೆಂದೆ. 'ಹ್ವಾಯ್, ಬನ್ನಿ ಎಲ್ರೂ, ಮಾಷ್ಟ್ರ ಉಂಗ್ರ ಬಿದ್ದಿತಂಬ್ರ್' ಎಂದು ಅಜ್ಜಿ ಕೂಗಿದಳು. ಬಲೆ ಬಿಡಿಸುತ್ತಿದ್ದವರು ಬಲೆ ಬಿಟ್ಟು ಬಂದರು. ಬಿಸಿಲೇರುವವರೆಗೆ ಅವರೆಲ್ಲ ಮರಳು ಕೆದಕಿದರು. ನನ್ನ ಉಂಗುರದ ಕೈ ಪ್ಯಾಂಟಿನ ಜೇಬಿನಲ್ಲಿತ್ತು. ಅವರ ಬೆನ್ನ ಮೇಲಿನ ಬೆವರು ನೋಡಿ ನನಗೆ ಅಳು ಬರುವಂತಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಉಂಗುರ ಸಿಕ್ಕಿದರೆ ಆನೆಗುಡ್ಡೆ ಗಣಪತಿಗೆ ಪಂಚಕಜ್ಜಾಯ ಮಾಡಿಸುತ್ತೇನೆಂದು ಅಜ್ಜಿ ಹರಕೆ ಹೊತ್ತಳು. ಕಳೆಯದ ಉಂಗುರ ಸಿಗುವುದಾದರೂ ಹೇಗೆ? ಹರಕೆ ಬಾಕಿ ನಿಂತಿತು. ಮೀನು ತಂದಾಗಲೆಲ್ಲ 'ಸಿಕ್ತಾ ಮಾಷ್ಟ್ರೇ?' ಎಂದು ಕೇಳುವಳು. ತನ್ನ ಮಗನಿಗೆ ಜ್ವರ ಬಂದರೂ ಹರಕೆ ಬಾಕಿ ಇದ್ದದ್ದಕ್ಕೇ ಇರಬೇಕು ಎನ್ನತೊಡಗಿದಳು. ಇನ್ನು ತಡೆಯಲಾರದೆ ಸಿಕ್ಕಿತು ಎಂದುಬಿಟ್ಟೆ.

ಅಜ್ಜಿ ನನ್ನನ್ನೂ ಕರೆದುಕೊಂಡೇ ಆನೆಗುಡ್ಡೆ ದೇವಸ್ಥಾನವಿರುವ ಕುಂಭಾಶಿಗೆ ಹೋದಳು. ದೇವರ ಎದುರು ನಿಂತು, 'ಕೈ ಎತ್ತಿ ತೋರ್ಸಿ ಮಾಷ್ಟ್ರೇ, ದೇವ್ರಿಗೂ ಕಾಣ್ಲಿ' ಎಂದಳು. ಎಂದೂ ಬೆರಳು ಬಿಟ್ಟು ಹೋಗದ ಉಂಗುರವನ್ನು ಗಣಪತಿಗೆ ಎತ್ತಿ ತೋರಿಸಿದೆ. ದೇವರ ಮುಖ ನೋಡುವ ಧೈರ್ಯ ಬರಲಿಲ್ಲ.

ಹೊರಗೆ ಬಂದ ಮೇಲೆ ಅಜ್ಜಿ ಬುದ್ಧಿ ಹೇಳಿದಳು: 'ಇನ್ ಮೇಲೆ ಕಡ್ಲ್ ಬದಿಗ್ ಬಪ್ಪತಿಗೆ ಉಂಗ್ರ ಮನಿಯಗೇ ತೆಗ್ದಿಟ್ಟ್ ಬನ್ನಿ.' ಆ ಮಾತು ಸರಿಯೆನಿಸಿತು. ಮರುವಾರ ಮರಳಿಗೆ ಹೋಗುವ ಮೊದಲು ಉಂಗುರ ತೆಗೆದು ಎಲ್ಲೋ ಜೋಪಾನವಾಗಿಟ್ಟೆ. ಅದು ಇವತ್ತಿನವರೆಗೆ ಸಿಕ್ಕಿಲ್ಲ. ಹರಕೆ ಹೊರೋಣವೆಂದರೆ ಆನೆಗುಡ್ಡೆಗೆ ಹೋಗಲು ಮುಖವಿಲ್ಲ.

ಮಳೆಗಾಲದ ಯುದ್ಧ

ಸೈನ್ಯವಿದ್ದ ಮೇಲೆ ಶತ್ರು ಬೇಕಲ್ಲ. ಭಾವನ ಹಡಗಿನಲ್ಲೇ ಇಂಜಿನಿಯರ್ ಆಗಿದ್ದು ನಿವೃತ್ತರಾದವರೊಬ್ಬರು ಬೈಂದೂರಿನ ಹತ್ತಿರ ಯಡ್ತರೆಯಲ್ಲಿದ್ದರು. ನನಗಿಂತ ಹಿರಿಯರು, ತಲೆಯೆಲ್ಲ ಬೆಳ್ಳಗಾಗಿತ್ತು. ಅವರ ಹತ್ತಿರವೂ ಇಂಥದ್ದೇ ಒಂದು ಸೈನ್ಯ. ವ್ಯತ್ಯಾಸವೆಂದರೆ ಅವರಿಗೆ ನಾಚಿಕೆ ಇರಲಿಲ್ಲ. ಮನೆಯ ಚಾವಡಿಯಲ್ಲೇ ಮೇಜು ಹಾಕಿ ಆಡುತ್ತಿದ್ದರು.

ಮೊದಲ ಯುದ್ಧ ಆಷಾಢದ ಒಂದು ಭಾನುವಾರ. ಕುದುರೆಗಳನ್ನು ಸ್ವೀಟ್ ಬಾಕ್ಸಿನಲ್ಲಿ ಹತ್ತಿ ಹಾಕಿ ಮಲಗಿಸಿ ಬಸ್ಸಿನಲ್ಲಿ ಹೊರಟೆ. ಪಕ್ಕದಲ್ಲಿ ಕುಳಿತವರೊಬ್ಬರು, 'ಎಂತ ವಿಶೇಷ ಮಾಷ್ಟ್ರೇ?' ಎಂದು ಬಾಕ್ಸಿನತ್ತ ನೋಡುತ್ತ ಬೈಂದೂರಿನವರೆಗೂ ಆಸೆಯಿಂದ ಕಾದರು. ಪಾಪ, ಅವರ ಬಾಯಿಗೆ ಏನು ಹಾಕಲಿ?

ನಾನು ಮರಳನ್ನು ಸೋಸಿದ್ದೆ, ತೊಳೆದಿರಲಿಲ್ಲ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರು ಬಿಡುವುದು ನಮ್ಮೂರಿನ ಅಡುಗೆಮನೆಗಳಿಗೆಲ್ಲ ಗೊತ್ತು. ಕಡಲ ಮರಳಿನಲ್ಲೂ ಉಪ್ಪಿರುತ್ತದೆ ಎನ್ನುವುದು ಕಡಲ ಬದಿಯಲ್ಲೇ ಹುಟ್ಟಿದ ನನಗೆ ಹೊಳೆಯಲಿಲ್ಲ. ಸೈನ್ಯ ಜೋಡಿಸಿ, ಎದೆಯುಬ್ಬಿಸಿ ಕುಳಿತೆ. ಹೊರಗೆ ಧೋ ಎಂದು ಮಳೆ. ಒದ್ದೆಯಾದ ರಟ್ಟು ಉಬ್ಬಿತು, ಅಂಟು ಬಿಟ್ಟಿತು. ಮೊದಲ ಸಾಲಿನ ಸವಾರನೊಬ್ಬ ನಿಧಾನವಾಗಿ ಪಕ್ಕಕ್ಕೆ ವಾಲಿದ. ಅವನು ಪಕ್ಕದವನ ಮೇಲೆ, ಪಕ್ಕದವನು ಅದರಾಚೆಯವನ ಮೇಲೆ. ನೋಡುತ್ತಿದ್ದಂತೆ ಸಾಲು ಸಾಲೇ ಮಕಾಡೆ ಮಲಗಿತು.

'ಹ್ವಾಯ್, ನಾನಿನ್ನೂ ದಾಳವೇ ಹಾಕ್ಲಿಲ್ಲೆ ಮರ್ರೆ' ಎಂದರು ಇಂಜಿನಿಯರ್.

ಅಷ್ಟರಲ್ಲಿ ಅವರ ಹೆಂಡತಿ ಚಾ, ಬನ್ಸ್ ತಂದು, ಮೇಜು ನೋಡಿ, 'ಮಾಷ್ಟ್ರ ಬದಿಯವ್ರೆಲ್ಲ ಎಂತಕ್ ಮಲ್ಕಂಡದ್ದ್?' ಎಂದು ಕೇಳಿದರು.

'ಜೋರ್ ಮಳಿ ಅಲ್ದಾ? ಮಾಷ್ಟ್ರ್ ರಜೆ ಕೊಟ್ಟಿದ್ರ್.'

ಬೀಳ್ಕೊಡುಗೆ

ಆಮೇಲೆ ಮರಳು ತೊಳೆಯಲು ಕಲಿತೆ, ಒಳ್ಳೆಯ ಬಣ್ಣ ತರಿಸಲು ಕಲಿತೆ. ಭಾವ ಪ್ರತಿ ರಜೆಗೂ ಹೊಸ ಡಬ್ಬಿ ತಂದ, ಕಪಾಟು ತುಂಬಿತು. ಯುರೋಪಿನವರ ಗುರಾಣಿಗಳ ಮೇಲೆ ಸಿಂಹ, ಹದ್ದು ಇರುತ್ತವಂತೆ. ನನಗೆ ಸಿಂಹ ಬರೆಯಲು ಬಾರದು. ಏಡಿ, ಬಂಗುಡೆ, ತೆಂಗಿನ ಮರ ಬರೆದೆ.

ಬ್ರಹ್ಮಾವರದ ಕಡೆಯ ಶಾಲೆಯಿಂದ ನಿವೃತ್ತನಾದಾಗ, ಕುಂದಾಪುರದವರೂ ಸೇರಿ ಹಳೇ ವಿದ್ಯಾರ್ಥಿಗಳು ದೊಡ್ಡ ಸಭೆಯನ್ನೇ ಮಾಡಿದರು. ಆ ದಿನ ಒಂದು ದಾಟಿದ್ದರೆ ನನ್ನ ಗುಟ್ಟು ನನ್ನೊಡನೆಯೇ ಉಳಿಯುತ್ತಿತ್ತು. ವೇದಿಕೆಯ ಮೇಲೆ ಬಿಳಿ ಬಟ್ಟೆ ಮುಚ್ಚಿದ ಒಂದು ಉದ್ದ ಮೇಜಿತ್ತು. ಹಾರತುರಾಯಿ ಎಂದುಕೊಂಡೆ.

ಸಂಘದ ಕಾರ್ಯದರ್ಶಿ ಮೈಕು ಹಿಡಿದ. 'ನಮ್ಮ ಸರ್ ಭಾನುವಾರವೂ ಕೋಣೆಯ ಬಾಗಿಲು ಹಾಕಿಕೊಂಡು ನಮಗಾಗಿ ಪ್ರಶ್ನೆಪತ್ರಿಕೆ ಸಿದ್ಧ ಮಾಡುತ್ತಿದ್ದ ತಪಸ್ವಿ. ಆ ಕೋಣೆಯಲ್ಲಿ ಇದ್ದದ್ದನ್ನೆಲ್ಲ ಕೊಡಿ, ಪ್ರದರ್ಶನಕ್ಕಿಡುತ್ತೇವೆ ಎಂದು ಅಮ್ಮನವರನ್ನು ಕೇಳಿಕೊಂಡಿದ್ದೆವು. ಅವರೇ ಬಂದು ಜೋಡಿಸಿಕೊಟ್ಟಿದ್ದಾರೆ.'

ಮುಂದಿನ ಸಾಲಿನಲ್ಲಿದ್ದ ಹೆಂಡತಿಯನ್ನು ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಕೋಣೆಯಲ್ಲಿ ಇದ್ದದ್ದು ಅದೊಂದೇ, ಸುಳ್ಳು ಹೇಳಿ ಹೇಳಿ ತನಗೂ ಸಾಕಾಗಿತ್ತು ಎಂದು ಆಮೇಲೆ ಹೇಳಿದಳು.

ಕಾರ್ಯದರ್ಶಿ ಬಟ್ಟೆ ಎಳೆದ. ಮೇಜಿನ ಉದ್ದಕ್ಕೂ ಕುದುರೆಗಳು, ಸಾಲಾಗಿ, ಭರ್ಜಿ ಎತ್ತಿಕೊಂಡು.

ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಕಾರ್ಯದರ್ಶಿ ಕುದುರೆಗಳನ್ನು ನೋಡಿದ, ನನ್ನನ್ನು ನೋಡಿದ. ಅವನ ಕಣ್ಣು ತುಂಬಿ ಬಂತು. ಭಾಷಣದ ಕನ್ನಡವೇ ಮರೆತುಹೋಯಿತು.

'ಸರ್, ನಮ್ಮ್ ಹತ್ರ ಕಸ್ಕಂಡದ್ದೆಲ್ಲ ಇಷ್ಟ್ ಚಂದ ಮಾಡಿ ಇಟ್ಕಂಡಿದ್ರ್ಯಾ?'

ಚಪ್ಪಾಳೆಯೋ ಚಪ್ಪಾಳೆ. ಮೈಕು ನನ್ನ ಎದುರಿಗೆ ಬಂತು. ಇಲ್ಲ, ಇವು ನನ್ನವು, ಇವುಗಳೊಂದಿಗೆ ಆಡುವವನು ನಾನು ಎಂದು ಹೇಳಬೇಕಿತ್ತು. ಇಷ್ಟು ಜನರ ಎದುರು, ಶಾಲು ಹೊದ್ದುಕೊಂಡು, ಅದನ್ನು ಹೇಗೆ ಹೇಳಲಿ? ಬಾಯಿ ತೆರೆದೆ. ಬಂದದ್ದು 'ಹೌದು'.

'ಹಾಂಗಾರೆ ಯಾರ್ದ್ ಯಾವ್ದ್ ಅಂತ ಕಂಡ್ ತಕಣಿ' ಎಂದ ಕಾರ್ಯದರ್ಶಿ.

ಸಾಲು ಬಾಗಿಲಿನವರೆಗೆ ಬೆಳೆಯಿತು. ಬ್ಯಾಂಕ್ ಮ್ಯಾನೇಜರ್ ಆಗಿದ್ದವನೊಬ್ಬ, ಹಿಂದಿನ ತಿಂಗಳಷ್ಟೇ ನಾನು ಬಣ್ಣ ಹಚ್ಚಿದ ಸವಾರನನ್ನು ಎತ್ತಿಕೊಂಡು, 'ಏಡಿ ಚಿತ್ರ, ನಂದೇ. ಸಮ ನೆನ್ಪಿತ್ತ್ ಸರ್' ಎಂದ. ಡಾಕ್ಟರಾಗಿದ್ದ ಹುಡುಗಿಯೊಬ್ಬಳು, 'ನಂದ್ ಬಿಳಿ ಕುದ್ರಿ. ಆಗ ಬಾಲ ಮುರ್ದಿತ್ತ್, ನೀವೇ ಸಮ ಮಾಡಿದ್ರ್ಯಾ?' ಎಂದು ಕಾಲಿಗೆ ಬಿದ್ದಳು. ಪಂಚಾಯತ್ ಸದಸ್ಯನೊಬ್ಬ ತನ್ನದು ಎರಡು ಇತ್ತು ಎಂದು ವಾದಿಸಿದ. ಎರಡು ಕೊಟ್ಟೆ. ಕದಿಯದ ಮಾಲನ್ನು ಕಳ್ಳನಂತೆ ಒಂದೊಂದಾಗಿ ವಾಪಸು ಕೊಡುತ್ತ, ಆಶೀರ್ವಾದವನ್ನೂ ಮಾಡುತ್ತ ನಿಂತೆ. ಹೊಟ್ಟೆ ಉರಿಯುತ್ತಿತ್ತು, ನಾಚಿಕೆ ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಭುಜ ಅಲ್ಲಾಡುತ್ತಿತ್ತು. ಅಳುವೆಂದು ಪಕ್ಕದವರು ಸಮಾಧಾನ ಮಾಡುತ್ತಿದ್ದರು.

ಮೇಜು ಖಾಲಿಯಾಗಿ ಕೊನೆಗೆ ಉಳಿದದ್ದು ರಾಜ. ಚಿನ್ನದ ಬಣ್ಣದ ಕುದುರೆ, ಒಂದಿಡೀ ಮಳೆಗಾಲ ಕೂತು ಮಾಡಿದ್ದು. ಇದೊಂದಾದರೂ ಸಾಕು ಎಂದು ಕೈ ಚಾಚಿದೆ. ಅಷ್ಟರಲ್ಲಿ ಇನ್ನೊಂದು ಕೈ ಬಂತು. ತಲೆಯೆತ್ತಿ ನೋಡಿದರೆ ಯಡ್ತರೆಯ ಇಂಜಿನಿಯರ್. ಅಷ್ಟು ವರ್ಷ ಮೇಜಿನ ಮೇಲೆ ಆ ರಾಜನನ್ನು ಹಿಡಿಯಲಾಗದವರು.

'ಇದ್ ನಂದ್ ಸರ್' ಎಂದರು, ಸಭೆಗೆಲ್ಲ ಕೇಳುವಂತೆ. ಮತ್ತೆ ನನ್ನ ಕಿವಿಯ ಹತ್ತಿರ ಬಗ್ಗಿ, 'ಅಲ್ಲ ಅಂಬುದಾರೆ ಮೈಕ್ ಅಲ್ಲೇ ಇತ್ತ್, ಹೇಳಿ ಕಾಂಬ' ಎಂದರು.

ಸಭೆಯೆಲ್ಲ ನೋಡುತ್ತಿತ್ತು. ನಾನು ಶಾಲು ಸರಿಮಾಡಿಕೊಂಡು, ರಾಜನನ್ನು ಎತ್ತಿ ಆ ಬಿಳಿ ತಲೆಯವರ ಅಂಗೈ ಮೇಲಿಟ್ಟು, ಮೈಕಿನಲ್ಲೇ ಹೇಳಿದೆ:

'ತಕೊ. ಇನ್ನೊಮ್ಮೆ ಕ್ಲಾಸಿಗೆ ತಂದರೆ ಕೊಡುವುದಿಲ್ಲ.'