ಎರಡೆರಡು ಸಲ ಗುಡುಗಿದ ರಾಜ

‘ಯಾರಲ್ಲಿ? ಆ ದ್ರೋಹಿಯನ್ನು ಎಳೆದು ತನ್ನಿ!’ ಎಂದು ಟಿ.ವಿ.ಯೊಳಗಿನ ರಾಜ ಗುಡುಗಿದ. ಆದರೆ ರಾಜನ ಬಾಯಿ ಮುಚ್ಚಿಯೇ ಇತ್ತು. ಮರುಕ್ಷಣ ಬಾಯಿ ತೆರೆಯಿತು, ಅದೇ ಮಾತು ಇನ್ನೊಮ್ಮೆ ಬಂತು.

ಆ ರಾಜ ಬೇರೆ ಯಾರೂ ಅಲ್ಲ, ಸೋಫಾದ ಮೇಲೆ ಬನಿಯನ್ನಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದ ಕ್ಯಾಷಿಯರ್. ಆಫೀಸಿನ ವಾರ್ಷಿಕೋತ್ಸವದ ನಾಟಕದ ವಿಡಿಯೊ ಅಂದೇ ಪೆನ್‌ಡ್ರೈವಿನಲ್ಲಿ ಅವನ ಕೈ ಸೇರಿತ್ತು. ನಾಟಕದ ದಿನ ಊರಲ್ಲಿರದ ಮ್ಯಾನೇಜರ್ ಸಂಜೆ ಅದನ್ನು ನೋಡಲು ಬರುವವರಿದ್ದರು. ಅವರಿಗೆ ಹಿಡಿಸಿದರೆ ಮುಂದಿನ ತಿಂಗಳ ನಾಟಕ ಸ್ಪರ್ಧೆಗೂ ಅವನೇ ರಾಜ. ಆ ಪಾತ್ರದ ಆಸೆಗೆ ಅವನು ನಿದ್ದೆಗೆಟ್ಟಿದ್ದ.

“ದರಿದ್ರ ಪ್ಲೇಯರ್! ಮೊನ್ನೆ ಅಪ್‌ಡೇಟ್ ಆದಾಗ್ಲೇ ಅನ್ಕೊಂಡೆ, ಇದು ಹಾಳಾಗುತ್ತೆ ಅಂತ!” ಎಂದು ಅವನು ಟಿ.ವಿ. ಪಕ್ಕದ ಪುಟ್ಟ ಪೆಟ್ಟಿಗೆಯತ್ತ ಕೈ ಬೀಸಿದ.

“ಬೆಳಿಗ್ಗೆ ನನ್ನ ಹಾಡು ಚೆನ್ನಾಗೇ ಬಂತಲ್ಲೋ” ಎಂದರು ತಾಯಿ.

“ಅಮ್ಮ, ಗೊತ್ತಿಲ್ದೇ ಇರೋದ್ರಲ್ಲಿ ಬಾಯಿ ಹಾಕ್ಬೇಡ!”

ಕೂಗಾಟ ಕೇಳಿ ಮಹಡಿ ಮನೆಯ ಟೈಪಿಸ್ಟ್ ಇಳಿದು ಬಂದ. ಅದೇ ಆಫೀಸಿನವನು, ನಾಟಕದ ದಿನ ಪರದೆಯ ಹಿಂದೆ ದುಡಿದವನು. ವಿಡಿಯೊ ನೋಡಿ ಅವನ ಮುಖ ಸಪ್ಪಗಾಯಿತು.

“ಪ್ಲೇಯರ್ ಕೆಟ್ಟಿದೆ, ಬರ್ಬೇಡಿ ಅಂತ ಸಾಹೇಬ್ರಿಗೆ ಫೋನ್ ಮಾಡ್ಬಿಡಿ ಸಾರ್.”

“ಹೊಟ್ಟೆಕಿಚ್ಚು ಕಣ್ರೀ ನಿಮಗೆ!”

ಕ್ಯಾಷಿಯರ್ ಭಾಮೈದನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. ಆ ಪುಣ್ಯಾತ್ಮನಿಗೆ ಗೊತ್ತಿಲ್ಲದ್ದು ಲೋಕದಲ್ಲಿ ಏನೂ ಇರಲಿಲ್ಲ. “ಭಾವ, ಹಳೇ ಫರ್ಮ್‌ವೇರ್ ಹಾಕಿ. ಪೆಟ್ಟಿಗೆಯ ಬುದ್ಧಿಯೆಲ್ಲ ಅದೇ. ಪೆನ್‌ಡ್ರೈವ್‌ಗೆ ಇಳಿಸ್ಕೊಂಡು ಸಿಕ್ಕಿಸಿ, ಹಿಂದಿನ ತೂತಿಗೆ ಪಿನ್ ಒತ್ತಿ ಹಿಡ್ಕೊಂಡು ಕರೆಂಟ್ ಕೊಡಿ. ಮಧ್ಯೆ ಕರೆಂಟ್ ಹೋಗ್ಬಾರ್ದು, ಹೋದ್ರೆ ಮತ್ತೆ ಮೊದಲಿಂದ. ಒಳಗೆ ಉಳಿಸಿಟ್ಟಿದ್ದೆಲ್ಲ ಅಳಿಸಿ ಹೋಗುತ್ತೆ, ನೋಡ್ಕೊಳ್ಳಿ.”

“ಹೋಗ್ಲಿ!”

“ಏನ್ ಹೋಗ್ಲಿ? ನನ್ನ ಧಾರಾವಾಹಿ ಇನ್ನೂ ಅರ್ಧ ಇದೆ!” ಎಂದು ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. ತಾಯಿಗೆ ಹಾಡುಗಳ ಚಿಂತೆ. ಇಬ್ಬರನ್ನೂ ಗದರಿಸಿ ಅವನು ಪಿನ್ ಒತ್ತಿದ. ತೆರೆಯ ಮೇಲೆ ನೀಲಿ ಗೆರೆ ಆಮೆಯಂತೆ ತೆವಳಿ ಅರ್ಧ ದಾಟಿತ್ತು. ಅಷ್ಟರಲ್ಲಿ ಟೈಪಿಸ್ಟ್‌ನ ಕಾಲು ವೈರಿಗೆ ತಗುಲಿ ಪ್ಲಗ್ ಕಿತ್ತುಬಂತು.

“ಅಯ್ಯೋ, ಗೊತ್ತಾಗ್ಲಿಲ್ಲ ಸಾರ್.”

“ಬೇಕಂತ್ಲೇ ಮಾಡಿದ್ದೀರಿ! ಆಚೆ ನಡೀರಿ!”

ಟೈಪಿಸ್ಟ್ ಬಾಗಿಲವರೆಗೆ ಹೋಗಿ ಅಲ್ಲೇ ನಿಂತ. ಕ್ಯಾಷಿಯರ್ ಪ್ಲಗ್ಗಿಗೆ ಬೆನ್ನು ಕೊಟ್ಟು ಕಾವಲು ಕೂತು ಮತ್ತೆ ಮೊದಲಿನಿಂದ ಶುರುಮಾಡಿದ. ಈ ಸಲ ಗೆರೆ ತುದಿ ಮುಟ್ಟಿತು. ಪೆಟ್ಟಿಗೆ ಖಾಲಿಯಾಗಿತ್ತು, ಆದರೆ ಪೆನ್‌ಡ್ರೈವಿನಿಂದ ಹಾಕಿನೋಡಿದ ಸಿನಿಮಾ ಹಾಡಿನಲ್ಲಿ ತುಟಿಗೂ ದನಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

“ನೋಡಿದ್ರಾ?” ಎಂದು ಅವನು ಎಲ್ಲರ ಮೇಲೂ ಕಣ್ಣು ಬಿಟ್ಟ. ಅಷ್ಟರಲ್ಲಿ ಮ್ಯಾನೇಜರ್ ಬಂದೇಬಿಟ್ಟರು. ಅವಸರದಲ್ಲಿ ಅಂಗಿ ತೊಟ್ಟು ನಾಟಕ ಹಚ್ಚಿದ.

‘ಯಾರಲ್ಲಿ?’ ಬಾಯಿ ಮುಚ್ಚಿತ್ತು. ‘ಯಾರಲ್ಲಿ?’ ಬಾಯಿ ತೆರೆಯಿತು.

ಕ್ಯಾಷಿಯರನ ಪಿತ್ತ ನೆತ್ತಿಗೇರಿತು. “ಇದನ್ನ ಕುಟ್ಟಿ ಪುಡಿಮಾಡ್ತೀನಿ ಸಾರ್! ಈ ಪ್ಲೇಯರ್‌ಗೆ ಮಾನ ಮರ್ಯಾದೆ ಇಲ್ಲ!”

“ಹಾಡು ಈಗ್ಲೂ ಸರಿಯಾಗೇ ಬಂತಲ್ಲೋ” ಎಂದರು ತಾಯಿ.

ಮ್ಯಾನೇಜರ್ ಕೈಯೆತ್ತಿ ಇಬ್ಬರನ್ನೂ ಸುಮ್ಮನಾಗಿಸಿದರು. ಕಣ್ಣು ಮುಚ್ಚಿ ಆ ದೃಶ್ಯವನ್ನು ಮತ್ತೆ ಹಾಕಿಸಿ ಕೇಳಿದರು.

“ರೀ, ಇವು ಬೇರೆ ಬೇರೆ ದನಿ. ಮೊದಲ್ನೇದ್ರಲ್ಲಿ ಸಿಟ್ಟಿದೆ, ಗತ್ತಿದೆ. ಎರಡ್ನೇದು ನಿಮ್ದು, ಮಗ್ಗಿ ಒಪ್ಪಿಸಿದ ಹಾಗಿದೆ. ಮೊದಲ್ನೇದು ಯಾರ್ದು?”

ಬಾಗಿಲಲ್ಲಿದ್ದ ಟೈಪಿಸ್ಟ್ ಮೆಟ್ಟಿಲ ಕಡೆ ಜಾರುತ್ತಿದ್ದ. ಎಲ್ಲರ ಕಣ್ಣೂ ತನ್ನ ಮೇಲೆ ಬಿದ್ದಾಗ ನಿಂತ.

“ನಂದೇ ಸಾರ್. ಆವತ್ತು ಇವ್ರಿಗೆ ಒಂದು ಮಾತೂ ನೆನಪಾಗ್ಲಿಲ್ಲ. ಪರದೆ ಹಿಂದಿಂದ ನಾನೇ ಹೇಳ್ಕೊಟ್ಟೆ. ಹಾಳಾದ ವಿಡಿಯೊ ಮೈಕು ನನ್ನ ಪಕ್ಕದಲ್ಲೇ ಇತ್ತು. ಆಗ್ಲಿಂದ ಇವ್ರ ಮರ್ಯಾದೆ ಉಳಿಸೋಣ ಅಂತ ಒದ್ದಾಡ್ತಿದ್ದೀನಿ, ಬಿಡ್ಲಿಲ್ಲ.”

“ಹಾಗಾದ್ರೆ ಸ್ಪರ್ಧೆಗೆ ನೀವೇ ರಾಜ” ಎಂದರು ಮ್ಯಾನೇಜರ್.

ಕ್ಯಾಷಿಯರನ ಕಣ್ಣು ಕೆಂಡವಾಯಿತು. ಆದರೆ ಎದುರಿಗಿದ್ದವರು ಮ್ಯಾನೇಜರ್. ಸಿಟ್ಟು ನುಂಗಿಕೊಂಡು ಕೇಳಿದ, “ಮತ್ತೆ ನಾನು, ಸಾರ್?”

“ನೀವು ಪರದೆ ಹಿಂದೆ ಕೂತು ಇವ್ರಿಗೆ ಹೇಳ್ಕೊಡಿ. ಅಲ್ಲಿ ನಾಟಕದ ಪುಸ್ತಕ ಕೈಲೇ ಇರುತ್ತೆ.”