ಸಂದಾ ಲೇಪ್ಯಾಳ ಬಿಡುಗಡೆ ಪತ್ರ

ಊ ಫೋ ಲ್ವಿನ್ ಅವರನ್ನು ಈ ಗತಿಗೆ ತಂದದ್ದು ಒಂದೇ ಒಂದು "ಇಲ್ಲ". ಮೂವತ್ತೆರಡು ವರ್ಷ ಟೌನ್‌ಶಿಪ್ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿ, ಅಲ್ಪವಿರಾಮವನ್ನೂ ಅಳೆದು ತೂಗಿ ಹಾಕಿದ ಮನುಷ್ಯ ಅವರು. ಅಂಥವರು ಆ ಮಂಗಳವಾರ ಬೆಳಿಗ್ಗೆ ಡೊ ಸೋ ಯಿನ್‌ಳ ಬಾಡಿಗೆ ಪುಸ್ತಕದಂಗಡಿಯ ಬೆಂಚಿನ ಮೇಲೆ ಕೂತು, ಹಿಂದೆ ಮುಂದೆ ನೋಡದೆ ಆ ಮಾತು ಆಡಿಬಿಟ್ಟರು.

ಅವಸರಕ್ಕೆ ಕಾರಣವಿತ್ತು. ನಾಲ್ಕು ಗಂಟೆಗೆ ಪ್ರಕಾಶಕ ಊ ಝೇಯ ಅಂಗಡಿಗೆ ಬರುವವನಿದ್ದ. ಓದುವವರು ಯಾರ ಪುಸ್ತಕ ಕೇಳುತ್ತಾರೋ ಅವರ ಮುಂದಿನ ಪುಸ್ತಕ ಅಚ್ಚಾಗುತ್ತದೆ, ಯಾರೂ ಕೇಳದವರ ಹಳೆಯ ಪ್ರತಿಗಳು ರದ್ದಿಗೆ ಹೋಗುತ್ತವೆ. ಹಾಗೆ ಯಾರೂ ಕೇಳದವರ ಪೈಕಿ ಸಂದಾ ಲೇಪ್ಯಾ ಎಂಬ ಲೇಖಕಿ ಒಬ್ಬಳಿದ್ದಳು. ಆ ಸಂದಾ ಲೇಪ್ಯಾ ಬೇರೆ ಯಾರೂ ಅಲ್ಲ, ಲುಂಗಿ ಉಟ್ಟು, ಕನ್ನಡಕ ಹಾಕಿ, ಬೆಂಚಿನ ಮೇಲೆ ಬೆವರುತ್ತಿದ್ದ ಊ ಫೋ ಲ್ವಿನ್ ಅವರೇ.

ನಿವೃತ್ತ ಹೆಡ್ ಕ್ಲಾರ್ಕು ದೆವ್ವದ ಕಾದಂಬರಿ ಬರೆದರೆ ಬೀದಿ ನಗುತ್ತದೆ ಎಂದು ಹೆಣ್ಣು ಹೆಸರು ಇಟ್ಟುಕೊಂಡಿದ್ದರು. ಹಸ್ತಪ್ರತಿಯನ್ನು ಪ್ರಕಾಶಕನಿಗೆ ಕೊಡುವಾಗಲೂ "ನಮ್ಮ ಪರಿಚಯದ ಹೆಣ್ಣುಮಗಳು, ಹೊರಗೆ ಬರೋದು ಕಡಿಮೆ" ಎಂದಿದ್ದರು. ಪುಸ್ತಕದ ಹೆಸರು ಓಗೊಟ್ಟವಳು. ಕೊನೆಯ ಪುಟದಲ್ಲಿ ಬಾವಿಯೊಳಗಿಂದ ಯಾರೋ ನಾಯಕಿಯ ಹೆಸರು ಕರೆಯುತ್ತಾರೆ, ಅವಳು ಓಗೊಡುತ್ತಾಳೆ, ಇಳಿಯುತ್ತಾಳೆ. ಮುಂದೇನು ಎನ್ನುವುದು ಎರಡನೆಯ ಪುಸ್ತಕದಲ್ಲಿ. ಅದರ ಮೊದಲ ಸಾಲು ಹನ್ನೊಂದು ತಿಂಗಳಿಂದ ಅವರ ತಲೆಯಲ್ಲಿತ್ತು. ದಿನಾ ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಗೆ ಮಾತ್ರ ಕೇಳಿಸುವಂತೆ ಹೇಳಿಕೊಳ್ಳುತ್ತಿದ್ದರು: "ಬಾವಿಯಿಂದ ಇಬ್ಬರು ಹತ್ತಿ ಬಂದರು; ಒಬ್ಬಳ ನೆರಳು ಮಾತ್ರ ಒದ್ದೆಯಾಗಿತ್ತು."

ಆ ಬೆಳಿಗ್ಗೆ ಅದನ್ನು ಹೇಳಿದಾಗ ಕನ್ನಡಿಯ ಅಂಚಿನಲ್ಲಿ ಬೂದಿ ಬಣ್ಣದ ಒಂದು ಪಾತರಗಿತ್ತಿ ಕೂತಿತ್ತು. ಅವರು ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ನಮ್ಮ ಬೀದಿಯಲ್ಲಿ ಪುಸ್ತಕವನ್ನು ಯಾರೂ ತಾವಾಗಿ ಆರಿಸುವುದಿಲ್ಲ. ಬೆಂಚಿನ ಮೇಲಿದ್ದವರು ಆರಿಸಿಕೊಡುತ್ತಾರೆ, ಚೆನ್ನಾಗಿಲ್ಲದಿದ್ದರೆ ಬೈಸಿಕೊಳ್ಳುತ್ತಾರೆ. ಅವತ್ತು ಬೆಂಚಿನ ಮೇಲೆ ಸೈಕಲ್ ರಿಕ್ಷಾದ ಕೊ ಪೌಕ್ ಇದ್ದ. ಯಾವ ಕತೆ ಹೇಳಿದರೂ ಕೊಲೆಗಾರನ ಹೆಸರಿನಿಂದಲೇ ಶುರು ಮಾಡುವ ಪುಣ್ಯಾತ್ಮ. ಪಕ್ಕದಲ್ಲಿ ಸೋರೆಕಾಯಿ ಬಜ್ಜಿ ಕರಿಯುವ ಮ ಟಿನ್.

"ನನ್ ಮಾತ್ ಕೇಳಿ ಊಲೇ, ಯೋಗಿ ಕ್ಯೌಕ್‌ಸೇನ್ ಬರ್ದಿದ್ದು ಓದಿ" ಎಂದ ಕೊ ಪೌಕ್. ಊಲೇ ಎಂದರೆ ಮಾವ, ಬೀದಿಗೆಲ್ಲ ಅವರು ಮಾವನೇ. "ಒಂದೇ ಅಧ್ಯಾಯದಲ್ಲಿ ಮಾಂತ್ರಿಕ ಏಳ್ ಸಲ ಹಾರ್ತಾನೆ."

"ಹಾರಿ ಏನ್ ಉದ್ಧಾರ ಮಾಡ್ದ?" ಎಂದಳು ಮ ಟಿನ್. "ಮಿನ್ ತೌಂಟನ ಪುಸ್ತಕ ನೋಡಿ. ಎಣ್ಣೆ ಕಾಯೋದ್ರೊಳಗೆ ಮೂರ್ ಹೆಣ ಬಿದ್ದಿರತ್ತೆ."

ಊ ಫೋ ಲ್ವಿನ್ ಮಡಿಲಲ್ಲಿದ್ದ ಓಗೊಟ್ಟವಳು ಪುಸ್ತಕವನ್ನು ತಟ್ಟಿದರು. "ನನ್ನ ಕೇಳೋದಾದ್ರೆ, ಸಂದಾ ಲೇಪ್ಯಾ."

"ಯಾರವಳು? ಹೆಸರೇ ಕೇಳಿಲ್ಲ. ಯಾವೂರು?"

"ಮೊದಲು ಇಲ್ಲೇ, ನಮ್ಮ ವಾರ್ಡಲ್ಲೇ ಇದ್ರು. ಈಗ ಇಲ್ಲ."

ಮನೆ ಬದಲಾಯಿಸಿದ್ದಾಳೆ ಎಂದು ಅವರ ಅರ್ಥ. ಇಲ್ಲೇ ಇದ್ದಾಳೆ ಎಂದರೆ ಈ ಜನ ಹುಡುಕಿಕೊಂಡು ಹೋಗುತ್ತಾರಲ್ಲ ಎಂಬ ಮುಂದಾಲೋಚನೆ. ಆದರೆ ಬೆಂಚಿಗೆ ಅರ್ಥವಾದದ್ದೇ ಬೇರೆ. ಮ ಟಿನ್ ಎರಡೂ ಕೈ ಎದೆಗೆ ತಂದಳು.

"ಅಯ್ಯೋ ಪಾಪ. ಯಾವಾಗ?"

"ಹೋದ ವರ್ಷ."

"ಏನಾಗಿತ್ತಂತೆ?"

ಆಗ ಅವರಿಗೆ ತಪ್ಪು ತಿಳಿಯಿತು. ತಿದ್ದಬಹುದಿತ್ತು. ಆದರೆ ಅಷ್ಟರಲ್ಲಿ ಕೊ ಪೌಕ್ ಕೈಚಾಚಿ ಅವರ ಮಡಿಲಿನಿಂದ ಆ ಪುಸ್ತಕ ತೆಗೆದುಕೊಂಡಿದ್ದ. ಹನ್ನೊಂದು ತಿಂಗಳಲ್ಲಿ ಆ ಪುಸ್ತಕಕ್ಕೆ ಕೈಚಾಚಿದ ಮೊದಲ ಮನುಷ್ಯ ಅವನು. ಹಿಂಬದಿಯ ಚೀಟಿಯಲ್ಲಿ ಓದಿದವರ ಹೆಸರು ಎರಡೇ ಇತ್ತು, ಎರಡೂ ಊ ಫೋ ಲ್ವಿನ್. ಅವರಿಗೆ ಆಸೆ ತಡೆಯಲಾಗಲಿಲ್ಲ.

"ಸರಿಯಾಗಿ ಗೊತ್ತಿಲ್ಲ. ಬಾವಿ ಅಂತಾರೆ" ಎಂದರು.

ಅಂಗಡಿಯ ಒಳಗೆ ಧೂಳು ಹೊಡೆಯುತ್ತಿದ್ದ ಡೊ ಸೋ ಯಿನ್ ನಿಧಾನವಾಗಿ ತಿರುಗಿದಳು. ಅಂಗಡಿಯ ಹಿತ್ತಿಲಲ್ಲಿ ಅವಳ ಅಜ್ಜನ ಕಾಲದಲ್ಲಿ ಮುಚ್ಚಿಸಿದ ಬಾವಿಯೊಂದಿದೆ. "ಹೆಸರೇನಂದ್ರಿ? ಸಂದಾ ಲೇಪ್ಯಾನಾ?"

ನಮ್ಮಲ್ಲಿ ಲೇಪ್ಯಾ ಎಂದರೆ ಪಾತರಗಿತ್ತಿ. ಸತ್ತವರ ಬಾಯಿಂದ, ಬೆಚ್ಚಿಬಿದ್ದವರ ಎದೆಯಿಂದ ಹಾರಿಹೋಗುವ ಜೀವಕ್ಕೂ ಅದೇ ಮಾತು. ಊ ಫೋ ಲ್ವಿನ್ ಅದನ್ನು ಕೇಳಲು ಚೆಂದವೆಂದು ಇಟ್ಟುಕೊಂಡಿದ್ದರು, ಅಷ್ಟೆ.

"ಹಾಗಾದ್ರೆ ಅದು ಯಾರು?" ಎಂದು ಡೊ ಸೋ ಯಿನ್ ಬೆರಳು ತೋರಿಸಿದಳು. ಕಪಾಟಿನ ಮೇಲೆ ಬೂದಿ ಬಣ್ಣದ ಪಾತರಗಿತ್ತಿ ರೆಕ್ಕೆಗಳನ್ನು ತೆರೆಯುತ್ತ ಮುಚ್ಚುತ್ತ ಕೂತಿತ್ತು. "ನೀವು ಬಂದಾಗಿಂದ ಅಲ್ಲೇ ಇದೆ."

ಕೊ ಪೌಕ್ ಸವಾರಿಗೆ ಹೊರಟ. ಹತ್ತಿದವರಿಗೆಲ್ಲ ಸುದ್ದಿ ಹೇಳಿದ. ಅವನು ಪ್ರತಿ ಸಲ ವಾಪಸು ಬರುವಾಗಲೂ ಸುದ್ದಿ ಒಂದು ಸುತ್ತು ದಪ್ಪವಾಗಿರುತ್ತಿತ್ತು. ಹತ್ತು ಗಂಟೆಗೆ ಲೇಖಕಿ ಬರೆಯುತ್ತ ಬರೆಯುತ್ತಲೇ ಸತ್ತಿದ್ದಳು. ಹನ್ನೊಂದಕ್ಕೆ, ಅವಳು ಸತ್ತ ಮೇಲೆ ಬರೆದ ಪುಸ್ತಕವೇ ಇದು ಎಂದಾಯಿತು. ಓದುವವರು ಸಾಲುಗಟ್ಟಿದರು. ಇದ್ದದ್ದು ಒಂದೇ ಪ್ರತಿ. ಡೊ ಸೋ ಯಿನ್ ದಾರ ಬಿಚ್ಚಿ ಅದನ್ನು ನಾಲ್ಕು ಭಾಗ ಮಾಡಿ ಹಂಚಿದಳು. ನಡುಹಗಲಲ್ಲಿ, ಗಾಳಿಯೇ ಇಲ್ಲದ ಬೀದಿಯಲ್ಲಿ, ಜನ ಅಲ್ಲಲ್ಲಿ ಗೋಡೆಗೆ ಬೆನ್ನು ಒತ್ತಿಕೊಂಡು ಓದುತ್ತ ನಿಂತರು. ಯಾರೂ ಯಾರಿಗೂ ಬೆನ್ನು ತೋರಿಸುತ್ತಿರಲಿಲ್ಲ. ಒಬ್ಬ ಹೆಂಗಸಿನ ತೋಳಿನ ಮೇಲೆ ರೋಮ ಎದ್ದದ್ದು ಊ ಫೋ ಲ್ವಿನ್ ಅವರಿಗೆ ದೂರದಿಂದಲೇ ಕಂಡಿತು. ಸಂತೋಷಕ್ಕೆ ಅವರ ಕಣ್ಣು ತುಂಬಿಬಂತು.

ಆ ಸಂತೋಷದ ನಡುವೆ ಮ ಟಿನ್ ಓಡಿ ಬಂದಳು. ಕೈಯಲ್ಲಿ ಎಣ್ಣೆ ಅಂಟಿದ ಕಾಗದ.

"ಬಜ್ಜಿ ಕಟ್ಟೋಣ ಅಂತ ಒಂದ್ ಹಾಳೆ ಎಳೆದೆ, ಅವಳ ಕೊನೇ ಪುಟ. ಇನ್ನೊಂದ್ ಎಳೆದೆ, ಅದೂ ಕೊನೇ ಪುಟ! ಆರ್ ಹಾಳೆ ಎಳೆದೆ ಊಲೇ, ಆರರಲ್ಲೂ 'ಅವಳು ಓಗೊಟ್ಟಳು, ಅವಳು ಓಗೊಟ್ಟಳು'!"

ಊ ಫೋ ಲ್ವಿನ್ ಹಾಳೆಯನ್ನು ತಿರುಗಿಸಿ ನೋಡಿದರು. ಕಾರಣ ಅವರಿಗೆ ಗೊತ್ತು. ಒಂದೇ ಪುಟ ಆರು ಸಲ ಬಂದರೆ ಅದು ಅಚ್ಚುಕೂಟದ ರದ್ದಿ. ಅಂದರೆ ಝೇಯ ಆಗಲೇ ಮಾರಲು ಶುರುಮಾಡಿದ್ದಾನೆ. ಬಾಯಿಬಿಟ್ಟು ಹೇಳಿದ್ದರೆ ಎಲ್ಲರ ಹೆದರಿಕೆ ಅಲ್ಲೇ ಇಳಿಯುತ್ತಿತ್ತು. ಆದರೆ ಲೇಖಕಿ ದೆವ್ವ ಎನ್ನುವುದಕ್ಕಿಂತ ಲೇಖಕಿ ರದ್ದಿ ಎನ್ನುವುದು ಅವರಿಗೆ ಹೆಚ್ಚು ಭಯಂಕರವಾಗಿ ಕಂಡಿತು.

ಡೊ ಸೋ ಯಿನ್ ನಾಲ್ಕೂ ಭಾಗಗಳನ್ನು ವಾಪಸು ತರಿಸಿ ಮೇಜಿನ ಮೇಲೆ ಇಟ್ಟಳು, ಮುಟ್ಟಿದ ಕೈ ತೊಳೆದಳು. "ಕತೆ ಅರ್ಧಕ್ಕೆ ಬಿಟ್ಟು ಹೋದವಳು. ಅದಕ್ಕೇ ಅಲೀತಿದಾಳೆ. ಬಿಡುಗಡೆ ಪತ್ರ ಕೊಡದೆ ಈ ಪುಸ್ತಕ ನನ್ನ ಅಂಗಡೀಲಿ ಇರಲ್ಲ. ಪ್ರಕಾಶಕರ ಮುಂದೆ ಇವಳ ಹೆಸರೂ ಎತ್ತಬಾರ್ದು."

ನಮ್ಮಲ್ಲಿ ನೌಕರನೊಬ್ಬ ಪರಸ್ಥಳದಲ್ಲಿ ಸತ್ತರೆ, ಮೇಲಧಿಕಾರಿ ಬರೆದುಕೊಡದೆ ಅವನ ಲೇಪ್ಯಾ ಆ ಜಾಗ ಬಿಟ್ಟು ಕದಲುವುದಿಲ್ಲ. ಡ್ಯೂಟಿಯಲ್ಲಿದ್ದೇನೆ ಎಂದೇ ಅದು ತಿಳಿದಿರುತ್ತದೆ. ಅಂಥ ಪತ್ರದ ಒಕ್ಕಣೆ ಬಲ್ಲವರು ಇಡೀ ವಾರ್ಡಿನಲ್ಲಿ ಒಬ್ಬರೇ. ಕಾಡಿನ ಶಿಬಿರದಲ್ಲಿ ಸತ್ತ ಒಬ್ಬ ಸರ್ವೇಯರನನ್ನೂ ಇಬ್ಬರು ಪೇದೆಗಳನ್ನೂ ಹಿಂದೆ ಅವರೇ ಬಿಡುಗಡೆ ಮಾಡಿಸಿದ್ದರು. ಎಲ್ಲರೂ ಊ ಫೋ ಲ್ವಿನ್ ಅವರ ಕಡೆ ನೋಡಿದರು.

ಅವರು ಲೆಕ್ಕ ಹಾಕಿದರು. ಬರೆಯದಿದ್ದರೆ ಪುಸ್ತಕ ಬೀದಿಗೆ. ಬರೆದರೆ ಒಂದು ಕಾಗದ, ಅಷ್ಟೆ. ಕಾಗದಕ್ಕೆ ಅವರು ಯಾವತ್ತೂ ಹೆದರಿದವರಲ್ಲ. ಮೇಜಿಗೆ ಕೂತು, ಮುತ್ತಿನಂಥ ಅಕ್ಷರದಲ್ಲಿ, ಸುಖಪಡುತ್ತ ಬರೆದರು:

"ವಿಷಯ: ಸಂದಾ ಲೇಪ್ಯಾ ಎಂಬವರನ್ನು ಲೇಖನ ಕರ್ತವ್ಯದಿಂದ ಬಿಡುಗಡೆಗೊಳಿಸುವ ಕುರಿತು. ಸದರಿಯವರು ಈ ದಿನದಿಂದ ಜಾರಿಗೆ ಬರುವಂತೆ, ತಮ್ಮ ವಶದಲ್ಲಿರುವ ಸಮಸ್ತ ಕತೆಗಳ ಪ್ರಭಾರವನ್ನು ವಹಿಸಿಕೊಟ್ಟು, ಈಗ ನೆಲೆಸಿರುವ ಸ್ಥಳವನ್ನು ತೊರೆಯತಕ್ಕದ್ದು. ಅವರನ್ನು ಯಾರೂ ತಡೆಯತಕ್ಕದ್ದಲ್ಲ. ಪ್ರತಿಗಳು: ಸ್ಮಶಾನದ ಕಾವಲು ದೇವತೆಗೆ, ಆಲದ ಮರದ ದೇವತೆಗೆ, ಕಡತಕ್ಕೆ."

ಕೆಳಗೆ ರುಜು ಹಾಕಿದರು. ಅದರ ಎದುರಿಗೆ, ಮೂವತ್ತೆರಡು ವರ್ಷದ ರೂಢಿಯಂತೆ, ಒಂದು ಖಾಲಿ ಗೆರೆ ಎಳೆದು "ಪ್ರಭಾರ ವಹಿಸಿಕೊಂಡವರು" ಎಂದು ಬರೆದರು.

"ಇಲ್ಲಿ ಯಾರಾದ್ರೂ ಸೈನ್ ಮಾಡ್ಬೇಕು. ಇಲ್ದಿದ್ರೆ ಪತ್ರ ಊರ್ಜಿತ ಆಗಲ್ಲ."

ಡೊ ಸೋ ಯಿನ್ ಎರಡು ಹೆಜ್ಜೆ ಹಿಂದೆ ಸರಿದಳು. ಮ ಟಿನ್‌ಗೆ ತಟ್ಟನೆ ಒಲೆಯ ನೆನಪಾಯಿತು. ಕೊ ಪೌಕ್ ಮಾತ್ರ ವೀಳ್ಯ ಅಗಿಯುತ್ತ ಮುಂದೆ ಬಂದ. "ಕೊಡಿ ಊಲೇ, ನಾನ್ ಹಾಕ್ತೀನಿ. ಸರ್ಕಾರಿ ಕಾಗದದ ಮೇಲೆ ಸೈನ್ ಮಾಡ್ಬೇಕಂತ ಚಿಕ್ಕಂದಿನಿಂದ ಆಸೆ."

ಅವನು ಸೈನ್ ಹಾಕಿದ ಮೇಲೆ ಊ ಫೋ ಲ್ವಿನ್ ಪತ್ರವನ್ನು ಮೂರು ಸಲ ಗಟ್ಟಿಯಾಗಿ ಓದಬೇಕಿತ್ತು. ಮೊದಲ ಸಲ ಓದಿದಾಗ ಕಪಾಟಿನ ಮೇಲಿದ್ದ ಪಾತರಗಿತ್ತಿ ರೆಕ್ಕೆ ಆಡಿಸುವುದನ್ನು ನಿಲ್ಲಿಸಿತು. ಎರಡನೆಯ ಸಲಕ್ಕೆ ಎದ್ದಿತು. ಮೂರನೆಯ ಸಲ, ಅವರು "ತಡೆಯತಕ್ಕದ್ದಲ್ಲ" ಎನ್ನುತ್ತಿದ್ದಾಗ, ನೇರವಾಗಿ ಅವರ ಮುಖದ ಹತ್ತಿರ ಬಂದು, ತುಟಿಗೆ ಒಮ್ಮೆ ತಾಗಿ, ಹೊರಳಿ ಕೊ ಪೌಕ್‌ನ ಟೋಪಿಯ ಹಿಂದೆಲ್ಲೋ ಮರೆಯಾಯಿತು. ಹಿತ್ತಿಲಿನಲ್ಲಿ ನೀರು ತುಳುಕಿದ ಸದ್ದಾಯಿತು. ಆ ಬಾವಿಯಲ್ಲಿ ಐವತ್ತು ವರ್ಷದಿಂದ ಮಣ್ಣಿದೆ.

"ಸಾಧು, ಸಾಧು, ಸಾಧು" ಎಂದು ಕೈಮುಗಿದಳು ಡೊ ಸೋ ಯಿನ್. "ಹೋದ್ಲು."

ಊ ಫೋ ಲ್ವಿನ್ ಅವರಿಗೆ ಎದೆಯೊಳಗೆ ಹಲ್ಲು ಕಿತ್ತ ಜಾಗದಂತೆ ಏನೋ ಖಾಲಿ ಖಾಲಿ ಅನಿಸಿತು. ಹಸಿವಿರಬೇಕೆಂದು ಎರಡು ಬಜ್ಜಿ ತಿಂದರು. ಖಾಲಿ ಹಾಗೇ ಇತ್ತು.

ನಾಲ್ಕು ಗಂಟೆಗೆ ಪ್ರಕಾಶಕ ಊ ಝೇಯ ಬಂದಾಗ ಬೀದಿಯೇ ಅಂಗಡಿಯ ಮುಂದಿತ್ತು. ಬಿಡುಗಡೆಯಾದ ಮೇಲೆ ಇನ್ನೇನು ಭಯ? "ಸಂದಾ ಲೇಪ್ಯಾ! ಸಂದಾ ಲೇಪ್ಯಾ! ಬಾವಿಗೆ ಇಳಿದವಳು ಏನಾದ್ಲು?" ಎಂದು ಎಲ್ಲರೂ ಮುತ್ತಿಕೊಂಡರು. ಝೇಯ ತಬ್ಬಿಬ್ಬಾದ. ಆಮೇಲೆ ವಿಷಯ ತಿಳಿದು ಮುಖ ಸಪ್ಪಗೆ ಮಾಡಿದ.

"ಎರಡನೇ ಪುಸ್ತಕ ನಾಳೆನೇ ಅಚ್ಚಿಗೆ ಹಾಕ್ತೀನಿ. ಆದ್ರೆ ಆಯಮ್ಮ ಸತ್ತೋಗಿದ್ರೆ ಬರೆಯೋರ್ ಯಾರು?"

ಊ ಫೋ ಲ್ವಿನ್ ಎದ್ದು ನಿಂತರು. ಬದುಕಿನಲ್ಲಿ ಇಂಥ ಗಳಿಗೆ ಮತ್ತೆ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. "ಸತ್ತಿಲ್ಲ. ಸಂದಾ ಲೇಪ್ಯಾ ಅಂದ್ರೆ ನಾನೇ."

ಮೊದಲು ನಕ್ಕವಳು ಮ ಟಿನ್. ಆಮೇಲೆ ಬೀದಿಯೆಲ್ಲ ನಕ್ಕಿತು. ಝೇಯ ಮಾತ್ರ ನಗಲಿಲ್ಲ. "ಹಸ್ತಪ್ರತಿ ತಂದುಕೊಟ್ಟೋರು ನೀವೇ ಅಲ್ವಾ? ಸರಿ, ಹಾಗಾದ್ರೆ ಮುಂದಿನ ಸಾಲು ಬರೀರಿ ನೋಡೋಣ. ಅವಳು ಓಗೊಟ್ಟಳು. ಆಮೇಲೆ?"

ಇದಕ್ಕಿಂತ ಸುಲಭದ ಪರೀಕ್ಷೆ ಉಂಟೇ? ಅವರು ನಗುತ್ತ ಪೆನ್ನು ತೆಗೆದುಕೊಂಡರು, ಸರಸರನೆ ಬರೆದರು. ಝೇಯ ಅದನ್ನು ಎತ್ತಿಕೊಂಡು ಓದಿದ:

"ವಿಷಯ: ಬಾವಿಯಲ್ಲಿರುವ ಮಹಿಳೆಯನ್ನು ಮೇಲೆತ್ತುವ ಕುರಿತು."

ಬೀದಿ ಮತ್ತೆ ನಕ್ಕಿತು. ಅವರು ಹಾಳೆ ಕಸಿದುಕೊಂಡು, ಬೆವರು ಒರೆಸಿಕೊಂಡು, ಇನ್ನೊಮ್ಮೆ ಬರೆದರು. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಮಹಿಳೆಯು ಓಗೊಟ್ಟಿರುವುದು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ." ಕಣ್ಣು ಮುಚ್ಚಿ ಆ ಸಾಲನ್ನು ಹುಡುಕಿದರು. ಬೆಳಿಗ್ಗೆ ಕನ್ನಡಿಯ ಮುಂದೆ ಹೇಳಿದ್ದ ಸಾಲು. ಕನ್ನಡಿ ನೆನಪಿತ್ತು, ಸೋಪು ನೆನಪಿತ್ತು, ಸಾಲು ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಅವರಿಗೆ ಅಳು ಬಂತು.

ಡೊ ಸೋ ಯಿನ್ ನಗುವುದನ್ನು ನಿಲ್ಲಿಸಿದಳು. ಬಿಡುಗಡೆ ಪತ್ರವನ್ನು ಕೈಗೆತ್ತಿಕೊಂಡು, ಒಂದೊಂದೇ ಪದದ ಮೇಲೆ ಬೆರಳಿಟ್ಟು, ಕೊನೆಯ ಸೈನ್‌ವರೆಗೂ ಓದಿದಳು. "ಊಲೇ" ಎಂದಳು ಮೆಲ್ಲಗೆ, "ಇದರಲ್ಲಿ ಹೊರಗೆ ಕಳಿಸಿದ್ದು ಯಾರನ್ನ?"

ಆಗ ಹಿಂದಿನಿಂದ ಒಂದು ದನಿ ಬಂತು. ಆತುರವಿಲ್ಲದ, ತಣ್ಣನೆಯ ದನಿ.

"ಬಾವಿಯಿಂದ ಇಬ್ಬರು ಹತ್ತಿ ಬಂದರು, ಒಬ್ಬಳ ನೆರಳು ಮಾತ್ರ ಒದ್ದೆಯಾಗಿತ್ತು."

ಎಲ್ಲರೂ ತಿರುಗಿದರು. ಕೊ ಪೌಕ್ ರಿಕ್ಷಾದ ಸೀಟಿನ ಮೇಲೆ ಕೂತು, ವೀಳ್ಯ ಅಗಿಯುವುದನ್ನು ಮರೆತು, ಹಿತ್ತಿಲಿನ ಕಡೆ ನೋಡುತ್ತಿದ್ದ. ಬಾಯಿ ತಾನಾಗಿ ಆಡುತ್ತಿತ್ತು. "ಮನೆಯವರು ಬಾಗಿಲು ತೆರೆದು, ಯಾರನ್ನು ಒಳಗೆ ಕರೆಯುವುದೆಂದು ತಿಳಿಯದೆ, ಅವಳ ಹೆಸರನ್ನು ಒಂದೇ ಒಂದು ಸಲ ಕೂಗಿದರು. ಇಬ್ಬರೂ ಓಗೊಟ್ಟರು."

ಈ ಎರಡನೆಯ ಸಾಲು ಊ ಫೋ ಲ್ವಿನ್ ಅವರಿಗೆ ಇನ್ನೂ ಹೊಳೆದೇ ಇರಲಿಲ್ಲ. ಆದರೆ ಅಲ್ಲಿಗೆ ಆ ಸಾಲೇ ಬರಬೇಕಿತ್ತು ಎನ್ನುವುದು ಅವರಿಗೆ ಗೊತ್ತಾಯಿತು.

"ಬರ್ಕೊಳ್ಳಿ, ಯಾರಾದ್ರೂ ಬರ್ಕೊಳ್ಳಿ!" ಎಂದು ಝೇಯ ಕೂಗಿದ. "ಊ ಫೋ ಲ್ವಿನ್, ನೀವೇ ಕೂತ್ಕೊಳ್ಳಿ. ನಿಮ್ಮ ಅಕ್ಷರ ಚೆನ್ನಾಗಿದೆ."

ಕೊ ಪೌಕ್ ಹೇಳುತ್ತ ಹೋದ, ಊ ಫೋ ಲ್ವಿನ್ ಬರೆಯುತ್ತ ಹೋದರು. ಒಂದು ಕಾಗುಣಿತವೂ ತಪ್ಪಲಿಲ್ಲ. ಅಧ್ಯಾಯ ಮುಗಿದಾಗ, ಕೈ ಅದರ ಪಾಡಿಗೆ ಅದು ಹಾಳೆಯ ಕೆಳಗೆ "ನಕಲು ಸರಿಯಿದೆ" ಎಂದು ಬರೆದು ರುಜು ಹಾಕಿತು.