ಸೈನಿಗೊಂದು ಸೀರೆ

ಸಾಲ ಕೊಡುವವರು ನಮ್ಮ ಮನೆತನವನ್ನು ವಿಚಾರಿಸುವಷ್ಟು ಹೆಣ್ಣು ಕೊಡುವವರೂ ವಿಚಾರಿಸುವುದಿಲ್ಲ. ನನ್ನ ಮಾವನವರು ಮಗಳನ್ನು ಕೊಡುವಾಗ ಕೇಳಿದ್ದು ಎರಡೇ ಪ್ರಶ್ನೆ: ಕೆಲಸ ಪರ್ಮನೆಂಟೇ, ಬೀಡಿ ಸೇದುತ್ತೀರಾ. ಬ್ಯಾಂಕಿನವರು ಮಾತ್ರ ನನ್ನ ಮುತ್ತಜ್ಜನಿಂದ ಶುರು ಮಾಡಿದರು. ಚಳ್ಳಕೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಂಡು ಸುಖವಾಗಿದ್ದ ನನಗೆ, ಐವತ್ತರ ಹೊಸ್ತಿಲಲ್ಲಿ ಬಾಡಿಗೆ ಬರುವ ಮನೆಯೊಂದನ್ನು ಕೊಳ್ಳುವ ಆಸೆ ಹುಟ್ಟಿದ್ದೇ ಇದಕ್ಕೆಲ್ಲ ಮೂಲ. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು, "ಕಂತು ಬಾಡಿಗೆಯೋರೇ ಕಟ್ತಾರೆ ಕಣ್ರಿ, ನೀವು ಸುಮ್ನೆ ಮಾಲೀಕರಾಗಿದ್ರೆ ಸಾಕು" ಅಂದಿದ್ದರು. ಲೆಕ್ಕದ ಮೇಷ್ಟ್ರಾದ ನಾನು ಈ ಲೆಕ್ಕವನ್ನು ತಾಳೆ ನೋಡಬೇಕಿತ್ತು. ನೋಡಲಿಲ್ಲ.

ಮೊಳಕಾಲ್ಮೂರಿನಲ್ಲಿ ಮಾರಣ್ಣ ಎನ್ನುವವರು ಮನೆ ಮಾರುವವರಿದ್ದರು. ಮೂರು ಸಂಸಾರಗಳು ಬಾಡಿಗೆಗಿದ್ದ ಹಳೆಯ ಮನೆ, ಗಟ್ಟಿ ಗೋಡೆ. ಮುಂಗಡ ಕೊಟ್ಟು, ಚಳ್ಳಕೆರೆಯ ನಮ್ಮ ಸ್ವಂತ ಮನೆಯನ್ನೂ ಅಡಮಾನಕ್ಕೆ ಇಡುತ್ತೇನೆಂದು ಒಪ್ಪಿ, ಎರಡೂ ಮನೆಯ ಕಾಗದಗಳನ್ನು ಬ್ಯಾಂಕಿಗೆ ಒಯ್ದೆ. ಸಾಲದ ವಿಭಾಗದಲ್ಲಿದ್ದ ಅಧಿಕಾರಿ ನನ್ನ ಮಗಳ ವಯಸ್ಸಿನ ಹುಡುಗಿ. ನಮ್ಮ ಮನೆಯ ಕಾಗದಗಳನ್ನು ಒಂದೊಂದಾಗಿ ಮಗುಚಿ ನೋಡಿ, "ಸರ್, ನಿಮ್ಮ ಪೇಪರ್ಸ್ ತುಂಬಾ ನೀಟಾಗಿವೆ. ತಂಗಿಯವರ ಹಕ್ಕು ಬಿಡುಗಡೆ ಪತ್ರ ಕೂಡ ರಿಜಿಸ್ಟರ್ ಆಗಿದೆ" ಎಂದಳು. ನನಗೆ ಹೆಮ್ಮೆಯಾಯಿತು. ಅಪ್ಪ ತೀರಿಕೊಂಡ ಮೇಲೆ ತಂಗಿ ಗಿರಿಜ ತನ್ನ ಪಾಲನ್ನು ನನಗೆ ಬಿಟ್ಟುಕೊಟ್ಟ ಪತ್ರವದು. "ನಮ್ಮ ತಂಗಿ ಕಾಗದ ಓದಲೂ ಇಲ್ಲಮ್ಮ. ಒಂದು ರೇಷ್ಮೆ ಸೀರೆ ಉಡಿಸಿದೆ, ಎಲ್ಲಿ ಸೈನು ಅಂತ ಕೇಳಿ ಹಾಕಿಬಿಟ್ಟಳು" ಎಂದು, ಕೇಳದಿದ್ದರೂ ಹೇಳಿದೆ. ಆ ಹುಡುಗಿ ಮಾರಣ್ಣನವರ ಕಾಗದಗಳನ್ನು ತೆಗೆದುಕೊಂಡಳು.

ಅವು ನೀಟಾಗಿರಲಿಲ್ಲ. ವಂಶವೃಕ್ಷದಲ್ಲಿ ಮಾರಣ್ಣನವರ ಪಕ್ಕದಲ್ಲಿ ಓಬಳಮ್ಮ ಎಂಬ ಅಕ್ಕನ ಹೆಸರಿತ್ತು, ಆಕೆಯ ಸೈನು ಎಲ್ಲಿಯೂ ಇರಲಿಲ್ಲ. ಅದು ಬರುವ ತನಕ ಸಾಲವಿಲ್ಲ ಎಂದು ಬ್ಯಾಂಕಿನ ವಕೀಲರು ಬರೆದರು. ಮಾರಣ್ಣನವರಿಗೆ ಫೋನ್ ಮಾಡಿದೆ. "ನಮ್ಮಕ್ಕ ಏನೂ ಕೇಳೋಳಲ್ಲ ಮೇಷ್ಟ್ರೆ. ನಾನು ಹೋದ್ರೆ ಹಳೇದೆಲ್ಲ ತೆಗೀತಾಳೆ. ನೀವೇ ಒಂದು ಸೀರೆ ಇಟ್ಟು ಕೇಳ್ರಿ, ಹಾಕ್ತಾಳೆ" ಎಂದರು. ಎಲ್ಲ ಅಣ್ಣತಮ್ಮಂದಿರಿಗೂ ಗೊತ್ತಿರುವ ಸೂತ್ರವೇ ಅದು. ಚಳ್ಳಕೆರೆಯ ಪೇಟೆಯಲ್ಲಿ, ಅಂಗಡಿಯವನು ಅಪ್ಪಟ ಮೊಳಕಾಲ್ಮೂರು ರೇಷ್ಮೆ ಎಂದು ಆಣೆ ಮಾಡಿದ ಒಂದು ಸೀರೆ ತೆಗೆದುಕೊಂಡು ಬಸ್ಸು ಹತ್ತಿದೆ. ಅಗ್ಗಕ್ಕೆ ಸಿಕ್ಕಿತು ಎಂಬ ಸಂತೋಷ ದಾರಿಯುದ್ದಕ್ಕೂ ಇತ್ತು.

ಮಾರಣ್ಣನವರು ಒಂದು ಮಾತು ಹೇಳಿರಲಿಲ್ಲ. ಓಬಳಮ್ಮನವರ ಮನೆಯಲ್ಲಿ ಎರಡು ಮಗ್ಗಗಳಿದ್ದವು. ನಾನು ಹೋದಾಗ ಆಕೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ನೇಯುತ್ತಿದ್ದರು. ಮುಂದೆ ಅರ್ಧ ನೇಯ್ದ ಸೀರೆಯ ಮೇಲೆ ನವಿಲುಗಳ ಸಾಲು. ಕುಂಬಾರನ ಮನೆಗೆ ಮಡಕೆ ಹೊತ್ತುಕೊಂಡು ಹೋದವನ ಹಾಗೆ ನಾನು ಬಾಗಿಲಲ್ಲಿ ನಿಂತೆ. ವಾಪಸು ಹೋಗೋಣವೆಂದರೆ ಆಗಲೇ ಕೂತ್ಕೊಳ್ರಿ ಎಂದಿದ್ದರು.

ವಿಷಯ ಹೇಳಿ ಸೀರೆಯನ್ನು ಮುಂದಿಟ್ಟೆ. ಆಕೆ ಅದನ್ನು ಬಿಚ್ಚಿ, ಹಿಂಬದಿ ತಿರುಗಿಸಿ, ಜರಿಯ ಮೇಲೆ ಉಗುರಾಡಿಸಿದರು. ಒಳಗಿದ್ದ ಗಂಡನನ್ನು ತೆಲುಗಿನಲ್ಲಿ "ಇಲಾ ರಾ, ಚೂಡು" ಎಂದು ಇದನ್ನು ನೋಡಲು ಕರೆದರು. ಸೆರಗಿನ ಕುಚ್ಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಹಿಡಿದರು. ಎಳೆ ಕರಗಿ ಸಾಸಿವೆಕಾಳಿನಷ್ಟು ಉಂಡೆಯಾಯಿತು. "ರೇಷ್ಮೆ ಸುಟ್ರೆ ಕೂದ್ಲು ಸುಟ್ಟಂಗೆ ವಾಸ್ನೆ ಬರ್ತೈತೆ ಮೇಷ್ಟ್ರೆ. ಇದು ಪ್ಲಾಸ್ಟಿಕ್ಕು" ಎಂದರು. ಗಂಡ ಮುಗುಳ್ನಕ್ಕು ಒಳಗೆ ಹೋದರು. ನನ್ನ ಮರ್ಯಾದೆಯೂ ಆ ಕಡ್ಡಿಯಲ್ಲೇ ಸುಟ್ಟುಹೋಯಿತು.

ಆಕೆ ಸಿಟ್ಟು ಮಾಡಲಿಲ್ಲ. ಸೀರೆಯನ್ನು ಮೊದಲಿನ ಮಡಿಕೆಗೇ ಮಡಚಿ ನನ್ನ ಕೈಗೆ ಕೊಟ್ಟು, "ಆ ಮನೆ ಗೋಡೆಗೆ ನಮ್ಮವ್ವನ ಜೊತೆ ನಾನೂ ಮಣ್ಣು ಹೊತ್ತೀನಿ. ನಮ್ಮ ತಮ್ಮ ಮಾರ್ಲಿ, ಬ್ಯಾಡ ಅನ್ನಲ್ಲ. ನನ್ನ ಪಾಲು ನನ್ನ ಕೈಗೆ ಬಂದ ದಿನ ಸೈನು ಹಾಕ್ತೀನಿ" ಎಂದರು. ನಾನು ಎದ್ದೆ. ಆಗ ಸಹಜವಾಗಿ ಕೇಳಿದರು: "ನಿಮಗೆ ಅಕ್ಕತಂಗೇರು ಅದಾರಾ?"

"ಒಬ್ಬಳು ತಂಗಿ."

"ಆಯಮ್ಮನಿಗೆ ಯಾವ ಸೀರೆ ಕೊಟ್ರಿ?"

ಇಪ್ಪತ್ತೈದು ವರ್ಷ ಬೋರ್ಡಿನ ಮುಂದೆ ನಿಂತು ಮಕ್ಕಳನ್ನು ಪ್ರಶ್ನೆ ಕೇಳಿದವನು ನಾನು. ಉತ್ತರ ಗೊತ್ತಿದ್ದೂ ತಲೆ ತಗ್ಗಿಸಿ ನಿಲ್ಲುವುದು ಹೇಗಿರುತ್ತದೆಂದು ಅವತ್ತು ತಿಳಿಯಿತು. ನಮ್ಮಪ್ಪನ ಮನೆಯಲ್ಲಿ ಗಿರಿಜ ನನಗಿಂತ ಹೆಚ್ಚು ದುಡಿದಿದ್ದಳು. ಅಪ್ಪ ಹಾಸಿಗೆ ಹಿಡಿದ ಎರಡು ವರ್ಷ ನಾಯಕನಹಟ್ಟಿಯಿಂದ ವಾರವಾರ ಬಂದು ಬಟ್ಟೆ ಒಗೆದು ಹೋದವಳು ಅವಳು. ಆಗ ನಾನು ಪೇಪರ್ ತಿದ್ದುತ್ತಿದ್ದೆ. ಬಸ್ಸಿನಲ್ಲಿ ಕೂತಾಗ ನನಗೆ ನಾಚಿಕೆಯಾಯಿತು.

ಮರುದಿನ ಅಂಗಡಿಯವನು ಮಾರಿದ ಮಾಲು ವಾಪಸಿಲ್ಲ ಎಂದ. ನಾಚಿಕೆಯಾದ ಮಾತ್ರಕ್ಕೆ ಜಿಪುಣತನ ಹೋಗುವುದಿಲ್ಲ. ಭಾನುವಾರ ಅದೇ ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ನಾಯಕನಹಟ್ಟಿಗೆ ಹೋದೆ. ಒಂದೆಳೆ ಕಡಿಮೆಯಿದ್ದರೆ ಯಾರಿಗೆ ತಿಳಿದೀತು? ಗಿರಿಜ ಸೀರೆಯನ್ನು ಮುಟ್ಟಿ ನೋಡಿ, "ಇದು ಬಣ್ಣ ಬಿಡಲ್ಲ ತಾನೆ ಅಣ್ಣ? ಆವಾಗಿಂದು ಮೊದಲ್ನೇ ನೀರಿಗೇ ಬಿಡ್ತು. ನಿನಗೆ ಬೇಜಾರಾಗ್ತೈತೆ ಅಂತ ಹೇಳಿರ್ಲಿಲ್ಲ" ಎಂದಳು. ಒಳಗೆ ಹೋಗಿ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಬಂದು ಎದುರಿಗೆ ಕೂತಳು. "ಎಲ್ಲಿ, ಕಾಗದ ತೆಗಿ. ಈ ಸಲ ಎಲ್ಲಿಗೆ ಸೈನು?"

ಅವಳ ದನಿಯಲ್ಲಿ ಕೊಂಕು ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅಣ್ಣ ಸೀರೆ ತಂದರೆ ಸೈನು ಹಾಕಬೇಕು ಎಂದು ಅವಳು ನಿಜವಾಗಿ ತಿಳಿದಿದ್ದಳು. ಖಾಲಿ ಚೀಲವನ್ನು ಮಡಚಿಟ್ಟೆ. "ಈ ಸಲ ಸೈನು ಹಾಕೋನು ನಾನು ಕಣೆ. ಅಪ್ಪನ ಮನೇಲಿ ಅರ್ಧ ನಿನ್ನ ಹೆಸರಿಗೆ ಬರೆದುಕೊಡ್ತೀನಿ" ಎಂದೆ. ಅವಳು ನನ್ನನ್ನೇ ನೋಡಿದಳು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಆಮೇಲೆ ಸೀರೆಯನ್ನು ನನ್ನ ಕಡೆ ಸರಿಸಿ, "ಹಂಗಾದ್ರೆ ಇದನ್ನ ನೀನೇ ಇಟ್ಕೊ" ಎಂದಳು.

ಬರೆದುಕೊಟ್ಟೆ. ಅತ್ತ ಮಾರಣ್ಣನವರು, ಬ್ಯಾಂಕಿನ ಸಾಲ ಬೇಡದ ಗಿರಾಕಿಗಾಗಿ ಒಂದು ತಿಂಗಳು ಹುಡುಕಿ, ಸಿಗದೆ, ಅಕ್ಕನಿಗೆ ಪಾಲು ಕೊಡಲು ಒಪ್ಪಿದರು. ಸಾಲ ಇನ್ನೇನು ಆಗಿಬಿಟ್ಟಿತು ಎಂದು ಬ್ಯಾಂಕಿಗೆ ಹೋದರೆ, ಆ ಹುಡುಗಿ ನಮ್ಮ ಮನೆಯ ಹೊಸ ಪತ್ರವನ್ನು ಎರಡು ಸಲ ಓದಿದಳು. "ಸರ್, ಮೊದಲು ನಿಮ್ಮ ಪೇಪರ್ಸ್ ನೀಟಾಗಿದ್ದವು. ಈಗ ನಿಮ್ಮ ಮನೆ ಅಡ ಇಡೋದಕ್ಕೆ ತಂಗಿಯವರ ಸೈನೂ ಬೇಕು" ಎಂದಳು. ಹಾಗೆನ್ನುವಾಗ ನಗುತ್ತಿದ್ದಳು.

ಸಾಲದ ಕಾಗದಗಳನ್ನು ಗಿರಿಜಳಿಗೆ ಕೊಟ್ಟು ಬಂದಿದ್ದೇನೆ. ಸೀರೆಯಿಲ್ಲದೆ, ಬರಿಗೈಯಲ್ಲಿ. "ಓದಿ ನೋಡಿ ಹಾಕ್ತೀನಿ ಅಣ್ಣ" ಎಂದಿದ್ದಾಳೆ. ಮೂರು ವಾರವಾಯಿತು, ಇನ್ನೂ ಓದುತ್ತಿದ್ದಾಳೆ. ಬೇಗ ಸೈನು ಹಾಕೆಂದು ಹೇಳಲು ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಊಟ ಆಯಿತೇ ಎಂದು ಕೇಳಿ ಇಟ್ಟುಬಿಟ್ಟೆ. ಮೇಷ್ಟ್ರಾದವನು ಓದುತ್ತಿರುವವರಿಗೆ ಓದಬೇಡ ಎನ್ನುವುದು ಹೇಗೆ?